ನಲವತ್ತು ಬೀಗಗಳ ಲೆಕ್ಕ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಕೆಲಸಗಾರರು ನಲವತ್ತು ಜನ. ಅವರ ಚೀಲಗಳಿಗೆ ನಲವತ್ತು ತಗಡಿನ ಕಪಾಟು, ಒಂದೊಂದಕ್ಕೂ ನಾಲ್ಕಂಕಿಯ ಬೀಗ. ಅಂಕಿ ಕೂಡಿಸಿಟ್ಟವಳು ಆಫೀಸಿನ ಗುಮಾಸ್ತೆ: ಹುಟ್ಟಿದ ತಾರೀಖು, ತಿಂಗಳು. ಯಾರೂ ಮರೆಯುವುದಿಲ್ಲವಲ್ಲ! ಆಮೇಲೆ ಸಂಜೆ ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಕೇಳಿದಾಗ ತಾನು ಮಾಡಿದ ಎಡವಟ್ಟು ಅವಳಿಗೆ ಹೊಳೆದಿತ್ತು. ಮ್ಯಾನೇಜರಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮೂರು ತಿಂಗಳು ಮಾತು ನುಂಗಿಕೊಂಡಿದ್ದಳು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಇನ್ನೂ ಕಾಯಂ ಆಗದ ಇಸ್ತ್ರಿಯವಳು ಬೆಳಗಿನ ಗಡಿಬಿಡಿಯಲ್ಲಿ ಪಕ್ಕದ ಕಪಾಟಿಗೆ ತನ್ನ ಅಂಕಿ ತಿರುಗಿಸಿದಳು, ಬೀಗ ತೆರೆದುಕೊಂಡಿತು. ಒಳಗಿದ್ದದ್ದು ಬಟ್ಟೆ ಮಡಿಸುವವಳ ಚೀಲ. "ಕಳ್ಳಿ!" ಎಂಬ ಕೂಗಿಗೆ ಇಡೀ ಲಾಂಡ್ರಿ ಸೇರಿತು. ಒಂದು ಸೂಜಿಯೂ ಕಳೆದಿರಲಿಲ್ಲ. ಆದರೂ ಮ್ಯಾನೇಜರ್ ಬಂದ. ಗಂಟಲು ಬಿಟ್ಟು ಬೇರೆ ಅರ್ಹತೆ ಇಲ್ಲದ ಅವನಿಗೆ ಕೆಲಸಗಾರರು ಇಟ್ಟ ಹೆಸರು ಡಂಗುರ.

"ಅವಳ ನಂಬರ್ ನಿನಗೆ ಹೇಗೆ ಗೊತ್ತಾಯ್ತು?"

"ಅದು ನನ್ನ ನಂಬರೇ ಸಾರ್. ನಾನು ಹುಟ್ಟಿದ ದಿನ."

"ಓಹೋ! ವರ್ಷದಲ್ಲಿ ಮುನ್ನೂರ ಅರವತ್ತೈದು ದಿನ ಬಿದ್ದಿರುವಾಗ ಅವಳ ದಿನಾನೇ ಹುಡುಕಿಕೊಂಡು ಹುಟ್ಟಿದ್ಯಾ? ಸೇರುವಾಗಲೇ ಸುಳ್ಳು ತಾರೀಖು ಬರೆಸಿದ್ದೀಯ. ಯಾರ ಕಿವಿಗೆ ಹೂ ಇಡ್ತೀಯ?" ಅವನು ಗುಮಾಸ್ತೆಯತ್ತ ತಿರುಗಿದ. "ಇವಳನ್ನ ತೆಗೆದುಹಾಕೋ ಕಾಗದ ಟೈಪ್ ಮಾಡಿ."

ಗುಮಾಸ್ತೆ ಕಾಗದ ತೆಗೆದುಕೊಳ್ಳಲಿಲ್ಲ. ಬಾಯಿ ಬಿಟ್ಟರೆ ತನ್ನ ಕುತ್ತಿಗೆಗೆ, ಬಿಡದಿದ್ದರೆ ಇವಳ ಕುತ್ತಿಗೆಗೆ.

"ತಪ್ಪು ನನ್ನದು ಸಾರ್. ಆ ಥರ ನಂಬರ್ ಇಡಬಾರದಿತ್ತು. ನಲವತ್ತು ಜನ ಇದ್ರೆ ಯಾರಾದರೂ ಇಬ್ಬರು ಒಂದೇ ದಿನ ಹುಟ್ಟಿರೋ ಸಾಧ್ಯತೆ ನೂರಕ್ಕೆ ಎಂಬತ್ತೊಂಬತ್ತು."

"ಯಾರು ಹೇಳಿದ್ದು?"

"ಸಂಜೆ ಕಾಲೇಜಲ್ಲಿ..."

"ಗಟ್ಟಿ ವಿದ್ಯೆ ಆಗಿದ್ರೆ ಬೆಳಗ್ಗೇನೇ ಹೇಳಿಕೊಡ್ತಿದ್ರು. ನಾನು ಹುಟ್ಟಿದ ದಿನ ಇಲ್ಲಿ ಇನ್ಯಾರಾದರೂ ಹುಟ್ಟಿದ್ದಾರಾ? ಇಲ್ಲವಲ್ಲ!"

ಲೋಕವೆಲ್ಲ ತನ್ನ ಸುತ್ತಲೇ ತಿರುಗುತ್ತದೆ ಎಂದುಕೊಂಡವನ ಲೆಕ್ಕ ಇಷ್ಟೇ ಎಂದು ಅವಳಿಗೆ ಹೇಸಿಗೆಯಾಯಿತು. "ನಿಮ್ಮೊಬ್ಬರ ಜೊತೆ ಹೋಲಿಸೋದಲ್ಲ ಸಾರ್. ಎಲ್ಲರೂ ಎಲ್ಲರ ಕೈ ಕುಲುಕಿದ್ರೆ ಏಳುನೂರ ಎಂಬತ್ತು ಸಲ ಆಗುತ್ತೆ. ಅಷ್ಟು ಜೋಡಿ ಇದೆ ಇಲ್ಲಿ." ಏಳುನೂರ ಎಂಬತ್ತೇ ತಾನೇ? ಮನಸ್ಸಿನಲ್ಲೇ ಇನ್ನೊಮ್ಮೆ ಗುಣಿಸಿದಳು. ಹೌದು.

ರಿಜಿಸ್ಟರ್ ತೆರೆದು ಒಂದೊಂದೇ ತಾರೀಖು ಗಟ್ಟಿಯಾಗಿ ಓದಿದಳು. ಇಪ್ಪತ್ತಾರನೆಯವನು ಬಾಯ್ಲರ್ ನೋಡಿಕೊಳ್ಳುವವನು. ಮೂವತ್ತೊಂದನೆಯವನು ಗೋಡೌನ್ ಸೂಪರ್‌ವೈಸರ್, ಡಂಗುರನ ಭಾವಮೈದ. ಇಬ್ಬರದೂ ಒಂದೇ ತಾರೀಖು, ಒಂದೇ ತಿಂಗಳು.

ಇಸ್ತ್ರಿಯವಳು ಮೊದಲ ಸಲ ತಲೆ ಎತ್ತಿದಳು. "ಇವರಿಬ್ಬರಲ್ಲಿ ಸುಳ್ಳು ಬರೆಸಿದ್ದು ಯಾರು ಸಾರ್?"

ಭಾವಮೈದ ಕೆರಳಿದ. "ನನ್ನನ್ನ ಯಾಕೆ ನೋಡ್ತೀರಿ ಭಾವ? ನಾನು ಯಾವತ್ತು ಹುಟ್ಟಿದೆ ಅಂತ ಮನೇಲಿ ಅಕ್ಕನ್ನೇ ಕೇಳಿ."

ಏಳುನೂರ ಎಂಬತ್ತು ಜೋಡಿಗೆ ಜಗ್ಗದ ಮನುಷ್ಯ ಹೆಂಡತಿಯ ಹೆಸರಿಗೆ ತಣ್ಣಗಾದ. ಗಂಟಲು ಸರಿಮಾಡಿಕೊಂಡು ಹೇಳಿದ: "ಸರಿ, ಸರಿ. ಕಾಗದ ಬೇಡ. ಇದೆಲ್ಲಾ ನಿಮ್ಮ ಬೇಜವಾಬ್ದಾರಿ ಮೇಡಂ. ಇವತ್ತೇ ಎಲ್ಲ ನಂಬರ್ ಬದಲಾಯಿಸಿ. ಹುಟ್ಟಿದ ವರ್ಷ ಇಡಿ. ಅದೂ ನಾಲ್ಕಂಕಿನೇ. ಇಷ್ಟು ಸಣ್ಣ ವಿಷಯಕ್ಕೂ ನಾನೇ ತಲೆ ಓಡಿಸಬೇಕು!"

ಅಲ್ಲಿ ಅತಿ ಚಿಕ್ಕವನಿಗೆ ಇಪ್ಪತ್ತು, ಅತಿ ಹಿರಿಯಳಿಗೆ ಐವತ್ನಾಲ್ಕು. ಮೂವತ್ತೈದು ವರ್ಷಗಳೊಳಗೆ ನಲವತ್ತು ಜನರನ್ನು ತುರುಕುವ ಈ ಬುದ್ಧಿವಂತನ ಮುಖವನ್ನು ಗುಮಾಸ್ತೆ ಒಂದು ಗಳಿಗೆ ನೋಡಿದಳು. ವಿವರಿಸುವ ಮನಸ್ಸಾಗಲಿಲ್ಲ. "ಆಯ್ತು ಸಾರ್" ಎಂದಳು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಕರೆದು, ತಾನು ಗೋಡೆಗೆ ಮುಖ ಮಾಡಿ ನಿಂತು, ಮನಸ್ಸಿಗೆ ಬಂದ ಅಂಕಿ ಇಟ್ಟುಕೊಳ್ಳಲು ಹೇಳಿದಳು. ಇಸ್ತ್ರಿಯವಳು ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಅವಳ ಚೀಲ ಇಸ್ತ್ರಿ ಮೇಜಿನ ಮೊಳೆಗೆ ತೂಗಾಡುತ್ತಿತ್ತು.

"ನಿಮ್ಮ ಬೀಗ ನನಗೆ ಬೇಡ ಅಕ್ಕಾ," ಎಂದಳು, ಇಸ್ತ್ರಿ ಮಾಡುತ್ತಿದ್ದ ಹೊದಿಕೆಯಿಂದ ಕಣ್ಣೆತ್ತದೆ. "ಮೂರು ತಿಂಗಳಿಂದ ಗೊತ್ತಿತ್ತಂತಲ್ಲ ನಿಮಗೆ?"

ಅದು ಯಾರ ಬಾಯಿಂದ ಇವಳ ಕಿವಿಗೆ ಬಿತ್ತೆಂದು ಕೇಳುವ ಮುಖ ಗುಮಾಸ್ತೆಗಿರಲಿಲ್ಲ. ಪಾಠ ಕೇಳಿದ ಮರುದಿನವೇ ಅಂಜಿಕೊಂಡು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ತಾನೇ ಗೊಣಗಿದ್ದಳು.