ಗೋದಾಳ ಹತ್ತು ಪೈಸೆಯ ಭಿಶಿ

ಗೋದಾ ಮೂರು ದಿನದಿಂದ ಬಾಗಿಲ ಸಪ್ಪಳಕ್ಕೆ ಹೆದರುತ್ತಿದ್ದಳು. ಹಾಲಿನವಳು ಚಿಲಕ ಬಡಿದರೂ ಸಾಕು, ಅಡುಗೆಮನೆಯಲ್ಲಿ ಕಾಳಿನ ಡಬ್ಬಿಗಳ ಹಿಂದೆ ಹೋಗಿ ಕೂಡುತ್ತಿದ್ದಳು. ಹತ್ತು ವರ್ಷದ ಹುಡುಗಿಗೆ ಪೊಲೀಸರು ಬೇಡಿ ಹಾಕುತ್ತಾರೋ ಇಲ್ಲವೋ ಅವಳಿಗೆ ತಿಳಿಯದು. ಯಾರನ್ನಾದರೂ ಕೇಳೋಣವೆಂದರೆ, ಕೇಳಿದವಳೇ ಕಳ್ಳಿ ಎಂದು ಗೊತ್ತಾಗಿಬಿಡುತ್ತದಲ್ಲ!

ತಪ್ಪೆಲ್ಲ ಆ ಕೈಖರ್ಚಿನದು. ಧಾರವಾಡದ ಒಂದು ಕಚೇರಿಯಲ್ಲಿ ಖಜಾಂಚಿಯಾಗಿದ್ದ ಅಪ್ಪ ತ್ರ್ಯಂಬಕರಾಯರು, ಹೊಸ ನಾಣ್ಯ ಬಂದ ಮೇಲೆ, ಪ್ರತಿ ಶನಿವಾರ ಮಗಳ ಕೈಗೆ ಹತ್ತು ನಯಾಪೈಸೆ ಇಡತೊಡಗಿದ್ದರು. ಕೊಡುವುದು ಹತ್ತು ಪೈಸೆ, ಉಪದೇಶ ಮಾತ್ರ ಹತ್ತು ರೂಪಾಯಿಯದು. "ರೊಕ್ಕಾ ಹೆಂಗ ಹಿಡೀಬೇಕು ಅನ್ನೋದು ಈಗಿಂದನ ಕಲೀಬೇಕು. ಮಂದಿ ರೊಕ್ಕಾ ಕಡಿಮಿ ಬಿತ್ತಂದ್ರ ಕೈಗೆ ಬೇಡಿ, ನೆನಪಿಟ್ಕೋ," ಎನ್ನುತ್ತಿದ್ದರು. ಜೊತೆಗಾರ ಗುಮಾಸ್ತನೊಬ್ಬನನ್ನು ಹಾಗೆ ಎಳೆದೊಯ್ದ ಕಥೆಯನ್ನು ಊಟಕ್ಕೆ ಕೂತಾಗಲೇ ಹೇಳುತ್ತಿದ್ದರು. ಮಗುವಿನ ಗಂಟಲಲ್ಲಿ ಅನ್ನ ಇಳಿಯಬೇಕಲ್ಲ!

ಗೋದಾ ಉಪದೇಶ ಬಿಟ್ಟು ಅವ್ವನನ್ನು ನೋಡಿ ಕಲಿತಳು. ಅವ್ವ ಅಂಬಾಬಾಯಿ ಓಣಿಯ ಹೆಂಗಸರ ಭಿಶಿ ಹಿಡಿಯುತ್ತಿದ್ದಳು. ಎಲ್ಲರೂ ತಿಂಗಳಿಗಿಷ್ಟು ಎಂದು ಹಾಕುವುದು, ಕೂಡಿದ್ದನ್ನು ಪಾಳಿಯಂತೆ ಒಬ್ಬೊಬ್ಬರು ಎತ್ತುವುದು. ಭಿಶಿ ಹಿಡಿದವರ ಪಾಳಿ ಎಲ್ಲರಿಗಿಂತ ಕೊನೆಗೆ. ಗೋದಾ ನಾಲ್ವರು ಗೆಳತಿಯರನ್ನು ಕೂಡಿಸಿ, ವಾರಕ್ಕೆ ಹತ್ತು ಪೈಸೆಯ ಭಿಶಿ ಶುರು ಮಾಡಿಯೇಬಿಟ್ಟಳು. ಚೀಟಿ ಎತ್ತಿದಾಗ ಮೊದಲ ಪಾಳಿ ಗೌರಕ್ಕನಿಗೆ ಬಂತು, ಎರಡನೆಯದು ಶೇವಂತಿಗೆ. ಗೌರಕ್ಕ ಐವತ್ತು ಪೈಸೆ ಎತ್ತಿಕೊಂಡಳು. ಮುಂದಿನ ಬುಧವಾರವೇ ಅವಳಪ್ಪನಿಗೆ ವರ್ಗವಾಗಿ, ಮನೆಮಂದಿಯೆಲ್ಲ ವಿಜಾಪುರದ ರೈಲು ಹತ್ತಿದರು.

ಶನಿವಾರ ಶೇವಂತಿಗೆ ಕೊಡಬೇಕಾದದ್ದು ಐವತ್ತು, ಕೂಡುವುದು ನಲವತ್ತು. ಶಾಲೆಯ ಜವಾನ ಯಮನಪ್ಪನ ಮಗಳು ಶೇವಂತಿ. ಅವಳ ಬರೆಯುವ ಪಾಟಿ ಒಡೆದು ತಿಂಗಳಾಗಿತ್ತು. ಉಳಿದ ಅರ್ಧ ಪಾಟಿಯಲ್ಲಿ ಲೆಕ್ಕ ಹಿಡಿಸದೆ ದಿನಾ ಅಂಗೈಗೆ ಛಡಿ ಏಟು ತಿನ್ನುತ್ತಿದ್ದಳು. "ಶನಿವಾರ ಹೊಸಾ ಪಾಟಿ ಬರತೈತಿ," ಎಂದು ಅವಳು ಬೆರಳು ಮಡಚಿ ಎಣಿಸಿದಾಗಲೆಲ್ಲ ಗೋದಾ ಮಾತು ಬದಲಿಸುತ್ತಿದ್ದಳು.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದದ್ದು ಹಾಲಿನವಳಲ್ಲ. ಕಿಟಕಿಯ ಸಂದಿಯಿಂದ ನೋಡಿದರೆ ಖಾಕಿ ಬಟ್ಟೆ, ಕೈಯಲ್ಲಿ ಲಾಠಿ!

"ಮನ್ಯಾಗ ಯಾರ ಅದೀರಿ?" ಎಂದ ಪೊಲೀಸ.

ಅಡಗುವ ಧೈರ್ಯವೂ ಉಳಿಯದೆ ಗೋದಾ ಬಾಗಿಲು ತೆಗೆದು, ಎರಡೂ ಕೈ ಮುಂದೆ ಚಾಚಿದಳು. "ನಾ ತಿಂದಿಲ್ರಿ ಕಾಕಾ! ಗೌರಕ್ಕ ಒಯ್ದಾಳ್ರಿ! ಹತ್ತ ಪೈಸಾ ಅಷ್ಟ ಕಡಿಮಿ ಬಿದ್ದಾವ್ರಿ! ಅಪ್ಪಗ ಹೇಳಬ್ಯಾಡ್ರಿ!" ಎಂದು ಗೋಳೋ ಎಂದು ಅತ್ತಳು.

ಪೊಲೀಸ ಶಾಬುದ್ದೀನ ಅವಳಿಗಿಂತ ಹೆಚ್ಚು ಗಾಬರಿಯಾದ. ಅವನ ಹೆಂಡತಿ ಚಾಂದಬಿಗೆ ಜ್ವರ. ಅಂಬಾಬಾಯಿಯ ಭಿಶಿಗೆ ಅವಳು ಹಾಕುವ ಐದು ರೂಪಾಯಿ ಕೊಟ್ಟುಹೋಗಲು ಬಂದಿದ್ದ. ಒಳಗಿನಿಂದ ಓಡಿಬಂದ ಅಂಬಾಬಾಯಿಗೆ ನೋಟು ಕೊಟ್ಟು, "ಹುಡುಗಿ ಅಂಜ್ಯಾಳ್ರಿ, ಬೈಬ್ಯಾಡ್ರಿ," ಎಂದು ಲಗುಬಗೆಯಿಂದ ಹೊರಟುಹೋದ.

ಅವ್ವ ಬೈಯಲಿಲ್ಲ. ನಗಲೂ ಇಲ್ಲ, ನಕ್ಕಿದ್ದರೆ ಗೋದಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳನ್ನು ಎದುರಿಗೆ ಕೂಡಿಸಿ, ನಡೆದದ್ದನ್ನೆಲ್ಲ ಕೇಳಿಕೊಂಡು, ತನ್ನ ಕೈಗಳನ್ನು ಚಾಚಿದಳು. ಹಸಿರು ಗಾಜಿನ ಬಳೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ನನ್ನ ಪಾಟ್ಲಿ ಎಲ್ಲಿ ಹೋದ್ವು ಅಂತ ಕೇಳತಿದ್ದೆಲ್ಲಾ?"

ಕೇಳಿದ್ದಳು. ಬಂಗಾರದ ಬಳೆ ಕೈಗೆ ಭಾರ ಎಂದು ಅವ್ವ ಪ್ರತಿ ಸಲ ಮಾತು ಹಾರಿಸಿದ್ದಳು.

"ನೀ ಆಗ ತೊಟ್ಟಲದಾಗ ಇದ್ದಿ. ಒಬ್ಬಾಕಿ ಪಾಳಿ ಎತ್ತಿಕೊಂಡು ಊರ ಬಿಟ್ಟಳು. ಉಳದವರು ರೊಕ್ಕಾ ಹಾಕಿದ್ದು ನನ್ನ ಮಾರಿ ನೋಡಿ, ಆಕಿ ಮಾರಿ ನೋಡಿ ಅಲ್ಲ. ಪಾಟ್ಲಿ ಮಾರಿದ ರೊಕ್ಕಾ ಎಲ್ಲಾರಿಗೂ ಕೊಟ್ಟೆ. ನಿಮ್ಮಪ್ಪ ಎಂಟ ದಿವಸ ಮಾತಾಡಲಿಲ್ಲ."

"ನಿನಗ ಅಂಜಿಕಿ ಬಂದಿತ್ತೇನವ್ವಾ?"

"ಈಗೂ ಬರತದ. ಪ್ರತಿ ತಿಂಗಳಾ ಬರತದ."

ಅವ್ವ ಹತ್ತು ಪೈಸೆ ಕೊಟ್ಟಳು, ಆದರೆ ಪುಕ್ಕಟೆ ಅಲ್ಲ. ಮೂರು ವಾರ ಗೌರಕ್ಕನ ಹತ್ತು ಪೈಸೆಯನ್ನು ಅವ್ವ ಹಾಕುವುದು. ಕೊನೆಯ ವಾರ ಗೋದಾಳ ಪಾಳಿಗೆ ಕೂಡುವ ನಲವತ್ತರಲ್ಲಿ ಮೂವತ್ತನ್ನು ಗೋದಾ ತೀರಿಸುವುದು. ಐದು ವಾರದ ಕೈಖರ್ಚು ಕಟ್ಟಿ ಅವಳಿಗೆ ಉಳಿಯುವುದು ಹತ್ತೇ ಪೈಸೆ! ಗೋದಾ ಮೂರು ಸಲ ಲೆಕ್ಕ ಹಾಕಿದಳು, ಮೂರು ಸಲವೂ ಹತ್ತೇ ಬಂತು. ಹೊಟ್ಟೆ ಉರಿದುಹೋಯಿತು. ಆದರೂ ಹೂಂ ಎಂದಳು.

ಸಂಜೆ ಶೇವಂತಿ ಐವತ್ತು ಪೈಸೆಯನ್ನು ಎರಡು ಸಲ ಎಣಿಸಿ, ಉಟ್ಟ ಪರಕಾರದ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.

"ಗೌರಕ್ಕ ಹೋದಾಗ ನನ್ನ ರೊಕ್ಕಾನೂ ಹೋತು ಅಂದಕೊಂಡಿದ್ನಿ," ಎಂದಳು. "ಮುಂದಿನ ಭಿಶಿನೂ ನೀನ ಹಿಡಿ. ನಮ್ಮವ್ವನೂ ಹಾಕತಾಳಂತ, ವಾರಕ್ಕ ನಾಕಾಣೆ."

ನಾಕಾಣೆ! ಗೋದಾ ಬಳೆಯಿಲ್ಲದ ತನ್ನ ಸಣ್ಣ ಕೈಗಳನ್ನು ಪರಕಾರದ ನಿರಿಗೆಯಲ್ಲಿ ಮುಚ್ಚಿಕೊಂಡಳು.

"ನನಗ ಭಾಳ ಅಂಜಿಕಿ ಬರತದ," ಎಂದಳು.

"ಬರಲಿ ಬಿಡ," ಎಂದಳು ಶೇವಂತಿ. "ಗೌರಕ್ಕಗ ಬರಲಿಲ್ಲ ನೋಡು."