ಚರಗ ಚೆಲ್ಲಿದ ರೊಟ್ಟಿ

ಕಮಲಾಪುರದ ಕ್ರೈಸ್ತ ಉಪದೇಶಿ ದೌಲಪ್ಪನಿಗೆ ಆ ತಿಂಗಳೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ವರ್ಷ ಎಳ್ಳಮಾವಾಸ್ಯೆ ಭಾನುವಾರವೇ ಬಿದ್ದಿತ್ತು. ಪ್ರಾರ್ಥನೆ ಮನೆಯಲ್ಲಿ ಪ್ರಭುಭೋಜನದ ರೊಟ್ಟಿಚೂರು ಕೊಟ್ಟರೆ, ಅವನ ತಾಯಿ ನೀಲಗಂಗಮ್ಮ ಅರ್ಧ ಬಾಯಿಗಿಟ್ಟು ಅರ್ಧ ಸೆರಗಿಗೆ ಕಟ್ಟಿಕೊಂಡಳು. ಹಬ್ಬದ ದಿನ ಊರವರೆಲ್ಲ ಊಟಕ್ಕೆ ಮೊದಲು ಬೆಳೆಗೆ ಅನ್ನ ಚೆಲ್ಲಿ ಭೂತಾಯಿಗೆ ಚರಗ ಕೊಡುತ್ತಾರಲ್ಲ, ಹಾಗೆ ಈಕೆ ಆ ಅರ್ಧವನ್ನು ತಾನು ಕೂಲಿ ಮಾಡುವ ಹೊಲದ ಜೋಳದ ಸಾಲಿಗೆ ಚೆಲ್ಲಿ ಬಂದಳು. ಯಾವನೋ ಪುಣ್ಯಾತ್ಮ ನೋಡಿ ಕಲಬುರ್ಗಿಗೆ ಸುದ್ದಿ ಮುಟ್ಟಿಸಿದ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಕಲಬುರ್ಗಿಯ ಪಾದ್ರಿ ಸಮುವೇಲಪ್ಪ ದೌಲಪ್ಪನನ್ನು ಕರೆಸಿದರು. ಕೆಟ್ಟವರಲ್ಲ, ಮೊದಲು ಚಹಾ ಕುಡಿಸಿದರು. ದೌಲಪ್ಪ ಚಹಾದ ಕಪ್ಪು ಕೆಳಗಿಟ್ಟು ತಾನೇ ಮಾತು ತೆಗೆದ.

"ಪ್ರಭುವಿನ ನೆನಪಿಗೆ ತಿನ್ನೋದು, ರೊಟ್ಟಿ ರೊಟ್ಟಿಯಾಗೇ ಇರ್ತದ ಅಂತ ನೀವ ಕಲಿಸೀರಿ ಅಯ್ಯನವರ. ಹಂಗಿದ್ರ ಚೆಲ್ಲಿದ್ದು ಪಾಪ ಹೆಂಗಾತ್ರೀ?"

"ಚೆಲ್ಲಿದ್ದಕ್ಕಲ್ಲೋ ದೌಲಪ್ಪ. ಮಣ್ಣಿಗೆ ಉಣಿಸಿದ್ದಕ್ಕ."

"ಹೊಲ, ಮಳಿ, ಬೆಳಿ ನೋಡಿ ದೇವರನ್ನ ತಿಳಿಬಹುದು ಅಂತನೂ ನೀವ ಹೇಳೀರಿ."

"ತಿಳಿಬಹುದು ಅಂದೀನಿ, ಅಷ್ಟ ಸಾಕು ಅಂದಿಲ್ಲ. ಅಷ್ಟ ಸಾಕಾಗಿದ್ರ ಕ್ರಿಸ್ತ ಯಾಕ ಬರಬೇಕಾಗಿತ್ತು? ಮುಂದಿನ ಭೋಜನಕ್ಕ ನಾನೇ ಬರ್ತೀನಿ. ನಿಮ್ಮವ್ವ ಎಲ್ಲಾರ ಮುಂದ ತಪ್ಪಾತು ಅನ್ನಲಿ. ಇಲ್ಲಂದ್ರ ಆಕಿಗೆ ರೊಟ್ಟಿ ಇಲ್ಲ."

ದೌಲಪ್ಪ ಒಪ್ಪದ ಮನಸ್ಸಿನಿಂದಲೇ ಊರ ದಾರಿ ಹಿಡಿದ. ದಾರಿಯುದ್ದಕ್ಕೂ ಒಂದೇ ಭಯ. ಊರ ಪಂಕ್ತಿಯಿಂದ ದೂರವೇ ಕೂತು ಮುದುಕಿಯಾದ ತಾಯಿ ನಾಲ್ಕು ಜನರ ಜೊತೆ ಸಮನಾಗಿ ಕೂತದ್ದು ಆ ಪ್ರಾರ್ಥನೆ ಮನೆಯಲ್ಲಿ ಮಾತ್ರ. ಅಲ್ಲಿಂದಲೂ ಎಬ್ಬಿಸಿದರೆ ಆಕೆ ಎಲ್ಲಿಗೆ ಹೋಗಬೇಕು?

ಮನೆಗೆ ಬಂದವನೇ ತಾಯಿಯ ಎದುರು ಕೂತ. ಎಲ್ಲ ಕೇಳಿ ಆಕೆ ಅಂದಳು, "ಎಲ್ಲಾರೂ ಕೂಡಿ ಉಣ್ಣೋ ಊಟ ಅಂತ ನೀನ ಹೇಳಿದ್ದಿ. ಉಣ್ಣಾಕ ಕೊಟ್ಟ ಭೂತಾಯಿನ್ನ ಹೊರಗಿಟ್ಟು ಹೆಂಗ ಉಣ್ಣಲಿ?"

"ನನ್ನ ಸಲುವಾಗಿ ತಪ್ಪಾತು ಅಂದ್ಬಿಡವ್ವ. ಕೈ ಮುಗೀತೀನಿ."

ಆಕೆ ಮಗನ ಮುಗಿದ ಕೈ ಬಿಡಿಸಿ, ಎದ್ದು ಒಲೆಯ ಕಡೆ ಹೋದಳು. ಅಂದಿನಿಂದ ದೌಲಪ್ಪನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಭೋಜನದ ದಿನ ಪಾದ್ರಿ ಕರೆಯುವ ಮೊದಲೇ ನೀಲಗಂಗಮ್ಮ ಎದ್ದು ನಿಂತಳು. "ತಪ್ಪಾತ್ರೀ ಯಪ್ಪ" ಎಂದಳು. ಸಮುವೇಲಪ್ಪನವರ ಕಣ್ಣು ತೇವವಾಯಿತು. ತಾವೇ ಬಂದು ರೊಟ್ಟಿ ಕೊಟ್ಟರು. ಆಕೆ ಇಡೀ ಚೂರನ್ನು ಬಾಯಿಗಿಟ್ಟು, ಅಂಗೈಗೆ ಅಂಟಿದ್ದ ಪುಡಿಯನ್ನೂ ಬಿಡದೆ ತಿಂದಳು. ದೌಲಪ್ಪ ನಿರಾಳವಾಗಿ ಉಸಿರು ಬಿಟ್ಟ. ಹಾಡು ಹೇಳುವಾಗ ಅವನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಮನೆಗೆ ಹೋಗುವ ದಾರಿ ಆ ಹೊಲದ ಬದುವಿನ ಮೇಲೆಯೇ. ನೀಲಗಂಗಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬೆಳೆಯ ಕಡೆ ತಿರುಗದೆ, ಕಳ್ಳಿಯ ಹಾಗೆ ಬಿರಬಿರನೆ ನಡೆದಳು. ದೌಲಪ್ಪ ಹಿಂದೆ ಓಡಿದ.

"ಯಾಕವ್ವ, ನಿನ್ನ ಜಾಗ ಉಳಿತಲ್ಲ?"

"ಉಳಿತಪ್ಪ," ಎಂದಳು ಆಕೆ, ನಿಲ್ಲದೆ. "ಆದ್ರ ಇವತ್ತ ನಾ ಒಬ್ಬಾಕಿನ ಉಂಡೆ."