ತಾರಸಿಯೊಳಗಿನ ಕರಣೆ

ಒಡೆಯದೆಯೇ ಕಾಂಕ್ರೀಟಿನೊಳಗಿನ ಕಬ್ಬಿಣ ತೋರಿಸುವ ಯಂತ್ರ ಹಿಡಿದು ಇಂಜಿನಿಯರಮ್ಮ ಏಣಿಯ ಮೇಲೆ ನಿಂತು ಹಳೆಯ ಗೋದಾಮಿನ ತಾರಸಿಯನ್ನು ಪರೀಕ್ಷಿಸುತ್ತಿದ್ದಳು. ಅದನ್ನು ಕಟ್ಟಿದ ಮುದಿ ಮೇಸ್ತ್ರಿ ಕೆಳಗೆ ಕತ್ತೆತ್ತಿ ನಿಂತಿದ್ದ. ಏಣಿ ಹಿಡಿದಿದ್ದ ಕಾವಲುಗಾರ ಅವನ ಭಾಮೈದನೇ, ಆದರೆ ಇಬ್ಬರಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಕಾಂಕ್ರೀಟಿಗಿಂತ ಇವರ ಮುನಿಸೇ ಗಟ್ಟಿ ಅನ್ನಿಸಿತ್ತು ಅವಳಿಗೆ.

ಪರದೆಯಲ್ಲಿ ಸಾಲು ಕಂಬಿಗಳ ನಡುವೆ ಎಲೆಯಾಕಾರದ್ದೇನೋ ಕಂಡಿತು.

"ಮೇಸ್ತ್ರಿ, ಒಳಗೊಂದು ಕರಣೆ ಇದ್ದ ಹಾಗಿದೆಯಲ್ಲ?"

ಮೇಸ್ತ್ರಿಯ ಮುಖ ಪೆಚ್ಚಾಯಿತು. "ನನ್ನ ಗಾರೆ ಕರಣೇನೇ ಅದು, ಕಾಂಕ್ರೀಟ್ ಹಾಕಿದ ದಿನ ಕಳೆದುಹೋಗಿತ್ತು. ಇವನೇ ಕದ್ದ ಅಂದುಬಿಟ್ಟಿದ್ದೆ. ಅದಿರಲಿ, ತಾರಸಿಗೇನೂ ತೊಂದ್ರೆ ಇಲ್ವಲ್ಲಮ್ಮ?"

"ಇಲ್ಲ, ಗಟ್ಟಿಮುಟ್ಟಾಗಿದೆ."

"ಹಾಗಾದ್ರೆ ವರದೀಲಿ ಬರೀಬೇಡಿ."

ಭಾಮೈದ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಬರೀರಿ ಅಮ್ಮ, ಸೀಲೂ ಹಾಕಿ. ಒಂದು ಪ್ರತಿ ನಮ್ಮಕ್ಕನಿಗೂ ಕೊಡಿ. ಆಮೇಲೆ ಇಳಿಯೋರಂತೆ."